ಮರವಾಗಿಯೂ ಬಗ್ಗಿದ ಕುರ್ಚಿ

ಮುಂಬೈಯ ಹಳೆಯ ಇರಾನಿ ಹೋಟೆಲುಗಳಲ್ಲಿ ಚಹಾ ಕುಡಿದವರು ಈ ಜಾತಿಯ ಕುರ್ಚಿಯನ್ನು ಖಂಡಿತ ನೋಡಿರುತ್ತಾರೆ. ಕಂದು ಇಲ್ಲವೇ ಕಪ್ಪು ಪಾಲಿಶ್, ದುಂಡನೆಯ ಆಸನ, ಬೆನ್ನಿಗೆ ಒಂದರೊಳಗೊಂದು ಎರಡು ಕಮಾನು. ಎಲ್ಲಿ ಮುಟ್ಟಿದರೂ ಚೂಪು ಮೂಲೆ ಸಿಗದು. ಈ ವಂಶದ ಅತಿ ಹೆಸರಾದ ಕುರ್ಚಿ ಹುಟ್ಟಿದ್ದು 1859ರಲ್ಲಿ, ವಿಯೆನ್ನಾದ ‘ಗೆಬ್ರ್ಯೂಡರ್ ಥೋನೆಟ್’ ಕಂಪನಿಯಲ್ಲಿ. ಅದಕ್ಕೆ ಇಟ್ಟ ಹೆಸರು ಬರಿಯ ಒಂದು ಸಂಖ್ಯೆ: 14. ವಿನ್ಯಾಸದ ಚರಿತ್ರೆ ಬರೆಯುವವರು ಕಾರ್ಖಾನೆ ಯುಗದ ಕುರ್ಚಿಗಳಲ್ಲಿ ಅದಕ್ಕೇ ಮೊದಲ ಮಣೆ ಹಾಕುತ್ತಾರೆ. ನನಗೆ ಮಾತ್ರ ಅದು, ಎಲ್ಲಕ್ಕಿಂತ ಮೊದಲು, ಒಬ್ಬ ಬಡಗಿ ಮರದ ನಾರಿನೊಂದಿಗೆ ಮೂವತ್ತು ವರ್ಷ ನಡೆಸಿದ ಜಗಳದ ಫಲ.

ಆ ಜಗಳ ಎಲ್ಲ ಬಡಗಿಗಳದ್ದೂ ಹೌದು. ಬಾಗಿದ ಕಾಲು ಬೇಕೆಂದರೆ ಅಗಲದ ಹಲಗೆಯ ಮೇಲೆ ಗೆರೆ ಹಾಕಿ ಕೊಯ್ಯಬೇಕು. ಹಲಗೆಯ ಬಹುಪಾಲು ಒಲೆ ಸೇರುತ್ತದೆ. ಅದನ್ನಾದರೂ ಸಹಿಸಬಹುದು. ಮರದ ಬಲವೆಲ್ಲ ಇರುವುದು ಉದ್ದಕ್ಕೆ ಹರಿಯುವ ನಾರಿನಲ್ಲಿ. ಬಾಗು ತಿರುಗುವ ಕಡೆ ಗರಗಸ ಆ ನಾರನ್ನೇ ಅಡ್ಡ ಕತ್ತರಿಸಿಬಿಡುತ್ತದೆ. ಭಾರ ಬಿದ್ದಾಗ ಕಾಲು ಮುರಿಯುವುದು ಅಲ್ಲೇ. ಆ ಹೆದರಿಕೆಗೆ ಬಡಗಿ ಮರವನ್ನು ದಪ್ಪವಾಗಿ ಬಿಡುತ್ತಾನೆ, ಕುರ್ಚಿ ತೂಕದ್ದಾಗುತ್ತದೆ.

ಮಿಖಾಯೆಲ್ ಥೋನೆಟ್ ಹುಟ್ಟಿದ್ದು 1796ರಲ್ಲಿ, ರೈನ್ ನದಿಯ ದಂಡೆಯ ಬೊಪ್ಪಾರ್ಡ್ ಊರಿನಲ್ಲಿ. ಅಪ್ಪ ಚರ್ಮ ಹದ ಮಾಡುವವರು. ಮಗ 1819ರಲ್ಲಿ ಸ್ವಂತ ಬಡಗಿ ಕೊಟ್ಟಿಗೆ ತೆರೆದ. 1830ರ ಸುಮಾರಿಗೆ ಅವನಿಗೆ ಹೊಳೆದದ್ದು ಇಷ್ಟು: ಮರವನ್ನು ಕೊಯ್ದು ಬಾಗು ತರುವ ಬದಲು ನಾರು ತುಂಡಾಗದ ಹಾಗೆ ಬಗ್ಗಿಸಿದರೆ? ತೆಳು ಪಟ್ಟಿಗಳಾಗಿ ಸೀಳಿ, ಬಿಸಿ ಅಂಟಿನಲ್ಲಿ ಅದ್ದಿ, ಕಟ್ಟು ಕಟ್ಟಿ, ಅಚ್ಚಿನಲ್ಲಿ ಬಗ್ಗಿಸಿ ಒಣಗಲು ಬಿಟ್ಟ. ಕುರ್ಚಿ ಹಗುರವಾಗಿ ಬಂತು. ಅದರ ಪೇಟೆಂಟ್ ಹಕ್ಕುಪತ್ರಕ್ಕಾಗಿ ದೇಶದೇಶ ಅಲೆದು ಸಾಲ ಬೆಳೆಯಿತು. 1841ರಲ್ಲಿ ಕೊಬ್ಲೆನ್ಸ್ ಪ್ರದರ್ಶನದಲ್ಲಿ ಅವನ ಕೆಲಸ ಕಂಡ ಆಸ್ಟ್ರಿಯಾದ ಮಂತ್ರಿ ಮೆಟರ್ನಿಕ್ ವಿಯೆನ್ನಾಕ್ಕೆ ಬರಹೇಳಿದ. 1842ರಲ್ಲಿ ಥೋನೆಟ್ ಅಲ್ಲಿಗೆ ಹೋದ. ಇತ್ತ ಬೊಪ್ಪಾರ್ಡ್‌ನ ಆಸ್ತಿ ಸಾಲಗಾರರ ಪಾಲಾಯಿತು. ನಲವತ್ತಾರರ ವಯಸ್ಸಿನಲ್ಲಿ, ಮನೆ ತುಂಬ ಮಕ್ಕಳಿದ್ದಾಗ, ಪರರ ಕಾರ್ಖಾನೆಯಲ್ಲಿ ಅರಮನೆಗಳ ನೆಲಹಾಸು ಕೂರಿಸುತ್ತ ಬದುಕಬೇಕಾಯಿತು. ಅಷ್ಟಾದರೂ ಮರ ಬಗ್ಗಿಸುವ ಹಟ ಬಿಡಲಿಲ್ಲ ಎನ್ನುವುದೇ ಅವನ ಬಗ್ಗೆ ನನಗಿರುವ ಗೌರವಕ್ಕೆ ಕಾರಣ.

1850ರ ಹೊತ್ತಿಗೆ ವಿಯೆನ್ನಾದ ಡೌಮ್ ಕಾಫಿ ಹೌಸ್‌ಗೆ ಅವನ ಕುರ್ಚಿಗಳು ಬಂದವು. 1853ರಲ್ಲಿ ಕಂಪನಿಯನ್ನು ಐವರು ಗಂಡುಮಕ್ಕಳ ಹೆಸರಿಗೆ ಮಾಡಿದ. ಆದರೆ ಅಂಟಿಗೆ ಒಂದು ದೌರ್ಬಲ್ಯವಿತ್ತು. ಸೆಕೆ, ತೇವದ ಸೀಮೆಗಳಿಗೆ ಹೋದರೆ ಅದು ಮೆತ್ತಗಾಗಿ ಪದರ ಬಿಡುತ್ತಿತ್ತು. ಅಂಟಿಲ್ಲದೆ ಇಡೀ ಮರವನ್ನೇ ಬಗ್ಗಿಸದ ಹೊರತು ದೂರದ ವ್ಯಾಪಾರವಿಲ್ಲ.

ನಮ್ಮ ಮೇದಾರರು ಬಿದಿರನ್ನು ಬೆಂಕಿಗೆ ಕಾಯಿಸಿ ಬಗ್ಗಿಸುವಂತೆ, ಬೀಚ್ ಮರದ ಕೋಲನ್ನು ಆವಿಯಲ್ಲಿ ಬೇಯಿಸಿದರೆ ಅದೂ ಮೆತ್ತಗಾಗುತ್ತದೆ. ಆದರೆ ಬಗ್ಗಿಸುವಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. ಬೆಂದ ಮರ ಕುಗ್ಗುವುದಕ್ಕೆ ಸಾಕಷ್ಟು ಒಗ್ಗುತ್ತದೆ, ಹಿಗ್ಗುವುದಕ್ಕೆ ಮಾತ್ರ ಶೇ 1–2ಕ್ಕಿಂತ ಹೆಚ್ಚು ಒಪ್ಪದು. ಹೊರಬದಿಯ ನಾರು ಸಿಬಿರೆದ್ದು ಸೀಳುತ್ತದೆ. ಥೋನೆಟ್ ಕೋಲಿನ ಹೊರಬದಿಗೆ ತೆಳು ಕಬ್ಬಿಣದ ಪಟ್ಟಿ ಒತ್ತಿಟ್ಟು ಎರಡೂ ತುದಿಯಲ್ಲಿ ಬಿಗಿದ. ಪಟ್ಟಿ ಹಿಗ್ಗದು, ಹಾಗಾಗಿ ಅದಕ್ಕೆ ಅಂಟಿಕೊಂಡ ಮರದ ಹೊರಮೈಯೂ ಹಿಗ್ಗಲಾರದು. ಇಡೀ ಕೋಲು ಒಳಮುಖವಾಗಿ ಒತ್ತರಿಸಿಕೊಂಡು ಬಾಗುತ್ತದೆ. ಪಟ್ಟಿಯ ಸಮೇತ ಕಬ್ಬಿಣದ ಅಚ್ಚಿಗೆ ಬಿಗಿದು ಬಿಸಿ ಕೋಣೆಯಲ್ಲಿ ಒಣಗಿಸಿದರೆ ಆ ಬಾಗು ಅಲ್ಲೇ ನಿಲ್ಲುತ್ತದೆ. ಇಷ್ಟು ಸರಳ ಉಪಾಯಕ್ಕೆ ಕಾಲು ಶತಮಾನ ಹಿಡಿಯಿತು. 1856ರಲ್ಲಿ ಅದರ ಹಕ್ಕು ಸಿಕ್ಕಿತು. ಮರುವರ್ಷ ಮೊರಾವಿಯಾದ ಬೀಚ್ ಕಾಡುಗಳ ನಡುವೆ ಕೊರಿಚಾನಿಯಲ್ಲಿ ಕಾರ್ಖಾನೆ ಎದ್ದಿತು.

14ನೇ ಕುರ್ಚಿ ಪಕ್ವವಾದ ರೂಪದಲ್ಲಿ ಆರೇ ತುಂಡು. ಹಿಂಗಾಲು ಎರಡೂ ಬೆನ್ನಿನ ಹೊರಕಮಾನೂ ಸೇರಿ ಒಂದೇ ಕೋಲು. ಒಳಕಮಾನು, ಆಸನದ ಬಳೆ, ಮುಂಗಾಲು ಎರಡು, ಕಾಲುಗಳನ್ನು ಹಿಡಿದಿಡುವ ಕೆಳಬಳೆ. ಇವನ್ನು ಕೂಡಿಸಲು 10 ಸ್ಕ್ರೂ, 2 ನಟ್ಟು ಸಾಕು. ಆಸನಕ್ಕೆ ಬೆತ್ತದ ಹೆಣಿಗೆ. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಹಡಗಿನ ಬಾಡಿಗೆ ಇಳಿಯಿತು, ಬೆಲೆ ಇಳಿಯಿತು, ಶ್ರೀಮಂತರ ಮನೆಗೆ ಬೇಕಾದ ಬಾಗು-ಬಳುಕು ಕಾಫಿ ಅಂಗಡಿಗೂ ಎಟುಕಿತು. 1930ರ ಹೊತ್ತಿಗೆ ಸುಮಾರು 5 ಕೋಟಿ ಮಾರಾಟವಾಗಿದ್ದವು ಎಂದು ಲೆಕ್ಕ ಹೇಳುತ್ತಾರೆ.

ಈ ಕಥೆಯಲ್ಲಿ ನೋವೂ ಇದೆ. ತೂತು ಕೊರೆದು, ತುದಿ ಕೆತ್ತಿ, ಸಂದು ಕಾಣದಂತೆ ಜೋಡಿಸುವ ವಿದ್ಯೆಯೇ ಈ ಕುರ್ಚಿಗೆ ಬೇಕಿರಲಿಲ್ಲ. ಕಾರ್ಖಾನೆಗೆ ಸೇರಿದ್ದು ಸುತ್ತಲ ಹಳ್ಳಿಯ ಜನ. ಬೆತ್ತ ಹೆಣೆಯುವ, ಮರ ಉಜ್ಜುವ ಕೆಲಸ ಹೆಂಗಸರದು. ಬಡಗಿಯೊಬ್ಬ ಬಡಗಿಯ ಮೇಜನ್ನೇ ಕುರ್ಚಿಯಿಂದ ದೂರ ಮಾಡಿದ. ಅದು ಕಸುಬಿನ ಕೊನೆ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಗಂಟಿಲ್ಲದ, ನಾರು ನೆಟ್ಟಗಿರುವ ಮರವನ್ನು ಕಣ್ಣಲ್ಲೇ ಆರಿಸಬೇಕು. ಆವಿಯಿಂದ ತೆಗೆದ ಕೋಲು ಆರುವ ಮೊದಲು, ಕೆಲವೇ ನಿಮಿಷಗಳಲ್ಲಿ, ಎಳೆದು ಕೂರಿಸಬೇಕು. ಎಲ್ಲಿ ಬಿಗಿ ಹೆಚ್ಚಾಯಿತೆಂದು ಅಂಗೈಗೇ ಗೊತ್ತಾಗಬೇಕು.

1869ರಲ್ಲಿ ಹಕ್ಕಿನ ಅವಧಿ ಮುಗಿದದ್ದೇ ತಡ, ಯಾಕೋಬ್ ಮತ್ತು ಯೋಸೆಫ್ ಕೋನ್ ಕಂಪನಿಯಂಥ ಪ್ರತಿಸ್ಪರ್ಧಿಗಳು ಅದೇ ವಿಧಾನ ಹಿಡಿದರು. ಥೋನೆಟ್ 1871ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡ. ಅವನ ಕಂಪನಿಯ ಎರಡನೇ ಕಾರ್ಖಾನೆ ಬಿಸ್ಟ್ರಿಟ್ಸೆಯಲ್ಲಿ, ಇಂದಿನ ಚೆಕ್ ದೇಶದಲ್ಲಿ, ಈಗ ‘ಟಾನ್’ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಅಲ್ಲಿ 14ನೇ ಕುರ್ಚಿಯನ್ನು ಇವತ್ತಿಗೂ ಕೈಯಿಂದಲೇ ಬಗ್ಗಿಸುತ್ತಾರೆ.