ಏಡಾ ಭಾಷೆಯ ಕಂಪೈಲರು: ಉಚಿತ ಪ್ರತಿಯೂ ಕ್ರಯದ ಪ್ರತಿಯೂ

ಗಣಕಯಂತ್ರಕ್ಕೆ ವಿಧಿಸತಕ್ಕ ಕೆಲಸವನ್ನು ಮನುಷ್ಯನು ತನಗೆ ತಿಳಿಯುವ ಸಂಕೇತಭಾಷೆಯೊಂದರಲ್ಲಿ ಬರೆಯುವನು. ಆ ಬರಹವನ್ನು ಯಂತ್ರಭಾಷೆಗೆ ಪರಿವರ್ತಿಸುವ ಸಾಧನಕ್ಕೆ ಕಂಪೈಲರೆಂದು ಹೆಸರು. ಒಂದೇ ಕಂಪೈಲರು ಒಂದೆಡೆ ಉಚಿತವಾಗಿಯೂ ಮತ್ತೊಂದೆಡೆ ಹಣಕ್ಕೂ ದೊರೆಯುವುದಾದರೆ, ಉಚಿತವಾದುದನ್ನೇ ಏಕೆ ಆರಿಸಬಾರದೆಂಬ ಪ್ರಶ್ನೆಯು ಸಹಜವಾದುದು. ಉತ್ತರವನ್ನು ಬೆಲೆಯಲ್ಲಿ ಹುಡುಕದೆ ಷರತ್ತಿನಲ್ಲಿ ಹುಡುಕಬೇಕೆಂಬುದಕ್ಕೆ ಏಡಾ ಭಾಷೆಯ ಗ್ನಾಟ್ ಕಂಪೈಲರಿನ ಚರಿತ್ರೆಯು ನಿದರ್ಶನವಾಗಿದೆ.

ಏಡಾ ಭಾಷೆಯು ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಹುಟ್ಟಿ, ೧೯೮೩ರಲ್ಲಿ ಪ್ರಮಾಣೀಕೃತವಾಗಿ, ೧೯೯೫ರಲ್ಲಿ ಪರಿಷ್ಕಾರ ಹೊಂದಿತು. ವಿಮಾನ, ರೈಲು ಮೊದಲಾದವುಗಳಲ್ಲಿ, ತಪ್ಪಿನಿಂದ ಪ್ರಾಣಹಾನಿಯಾಗಬಹುದಾದ ಕಾರ್ಯಗಳಿಗೆ ಇದನ್ನು ಬಳಸುವರು. ಪರಿಷ್ಕೃತ ಭಾಷೆಗೆ ಸರ್ವರಿಗೂ ದೊರೆಯುವ ಕಂಪೈಲರೊಂದು ಬೇಕೆಂದು ಅಮೆರಿಕದ ವಾಯುಪಡೆಯು ಧನವನ್ನೊದಗಿಸಲು, ನ್ಯೂಯಾರ್ಕ್ ವಿಶ್ವವಿದ್ಯಾಲಯದ ರಾಬರ್ಟ್ ಡ್ಯೂವರ್, ಎಡ್ಮಂಡ್ ಶೋನ್‌ಬರ್ಗ್ ಮೊದಲಾದವರು ಗ್ನಾಟನ್ನು ರಚಿಸಿದರು. ಅದನ್ನು ಪೋಷಿಸಲು ೧೯೯೪ರಲ್ಲಿ ಸ್ಥಾಪಿತವಾದ ಸಂಸ್ಥೆಯೇ ಏಡಾಕೋರ್. ೨೦೦೧ರಲ್ಲಿ ಗ್ನಾಟಿನ ಮೂಲಬರಹವು ಜಿಸಿಸಿ ಎಂಬ ಪ್ರಸಿದ್ಧ ಮುಕ್ತ ಕಂಪೈಲರ್ ಸಮೂಹದಲ್ಲಿ ಸೇರಿತು.

ಹೀಗೆ ಒಂದೇ ಮೂಲದಿಂದ ಮೂರು ಕವಲುಗಳಾದುವು: ಜಿಸಿಸಿಯೊಡನೆ ಬರುವ ಗ್ನಾಟ್, ಏಡಾಕೋರ್ ಸಂಸ್ಥೆಯು ೨೦೦೫ರಿಂದ ಉಚಿತವಾಗಿ ಹಂಚಿದ ಜಿಪಿಎಲ್ ಆವೃತ್ತಿ, ಎಂದರೆ ಮುಂದೆ ಕಮ್ಯೂನಿಟಿ ಎಂದು ಹೆಸರಾದುದು, ಹಣಕ್ಕೆ ದೊರೆಯುವ ಗ್ನಾಟ್ ಪ್ರೊ.

ಇವುಗಳ ಮುಖ್ಯ ಭೇದವು ಅನುವಾದದ ಕೌಶಲದಲ್ಲಿಲ್ಲ. ಕಂಪೈಲರು ಗ್ರಂಥಕರ್ತನ ಬರಹವನ್ನು ಪರಿವರ್ತಿಸುವಾಗ ರನ್‌ಟೈಮ್ ಗ್ರಂಥಾಲಯವೆಂಬ ತನ್ನದೇ ಭಾಗವೊಂದನ್ನು ಸಿದ್ಧಕೃತಿಯಲ್ಲಿ ಬೆರೆಸುವುದು. ಜಿಪಿಎಲ್ ಪರವಾನಗಿಯ ಪ್ರಕಾರ, ಆ ಪರವಾನಗಿಗೊಳಪಟ್ಟ ಭಾಗವುಳ್ಳ ಕೃತಿಯನ್ನು ಪರರಿಗೆ ಕೊಡುವವನು ಇಡೀ ಕೃತಿಯ ಮೂಲಬರಹವನ್ನೂ ಅದೇ ಷರತ್ತಿನಿಂದ ಅವರಿಗೆ ಒದಗಿಸಬೇಕು. ಜಿಸಿಸಿಯ ಗ್ನಾಟಿನಲ್ಲಿಯೂ ಗ್ನಾಟ್ ಪ್ರೊದಲ್ಲಿಯೂ ಈ ಗ್ರಂಥಾಲಯಕ್ಕೆ ವಿನಾಯಿತಿಯುಂಟು. ಏಡಾಕೋರಿನ ಉಚಿತ ಆವೃತ್ತಿಯಲ್ಲಿ ಅದಿರಲಿಲ್ಲ. ಕಲಿಯುವವನಿಗೂ, ಕೃತಿಯನ್ನು ಮನೆಯೊಳಗೇ ಬಳಸುವವನಿಗೂ ಇದರಿಂದ ಬಾಧಕವಿಲ್ಲ. ಆದರೆ ಮೂಲವನ್ನು ಗುಪ್ತವಾಗಿಟ್ಟು ಮಾರಬೇಕೆಂದಿರುವ ವ್ಯಾಪಾರಿಯು ಅದನ್ನೇ ನೆಚ್ಚಿದ್ದರೆ, ವರ್ಷಗಳ ದುಡಿಮೆಯನ್ನು ಬಹಿರಂಗಪಡಿಸುವುದು, ಇಲ್ಲವೆ ಬೇರೆ ಕಂಪೈಲರಿನಿಂದ ಎಲ್ಲವನ್ನೂ ಮರಳಿ ಪರೀಕ್ಷಿಸುವುದು, ಇವೆರಡರಲ್ಲೊಂದು ಅವನಿಗೆ ಅನಿವಾರ್ಯವಾಗುವುದು.

ಜಿಸಿಸಿಯ ಗ್ನಾಟು ಉಚಿತವೂ ವಿನಾಯಿತಿಯುಳ್ಳದ್ದೂ ಆಗಿರಲು, ಹಣ ಕೊಡುವುದೇತಕ್ಕೆ? ಗ್ನಾಟ್ ಪ್ರೊ ಸಹ ಮೂಲಬರಹದೊಡನೆಯೇ ದೊರೆಯುವ ಮುಕ್ತ ತಂತ್ರಾಂಶ. ಅಲ್ಲಿ ಕೊಳ್ಳುವುದು ಕಂಪೈಲರನ್ನಲ್ಲ, ಹೊಣೆಯನ್ನು. ವಿಮಾನದ ತಂತ್ರಾಂಶವು ೨೦೧೧ರ ಡಿಓ-೧೭೮ಸಿ ಎಂಬ ನಿಯಮಾವಳಿಗನುಸಾರವಾಗಿ ಪರೀಕ್ಷಿತವಾದ ಮೇಲೆ ಕಂಪೈಲರನ್ನು ಬದಲಿಸಿದರೆ ಆ ಪರೀಕ್ಷೆಯ ಆಧಾರವೇ ಅಲುಗುವುದು. ಆದುದರಿಂದ ಅಂಥವರು ಹೊಸ ಆವೃತ್ತಿಯನ್ನು ಬಯಸದೆ, ಹಳೆಯದನ್ನೇ ಅನೇಕ ವರ್ಷ ಕಾಪಾಡಿ ದೋಷ ಕಂಡಾಗ ತಿದ್ದಿಕೊಡುವವರನ್ನು ಬಯಸುವರು. ಮುಕ್ತ ಸಮೂಹದಲ್ಲಿ ತಿದ್ದುವವರುಂಟು. ಇಂತಿಷ್ಟು ದಿನಗಳಲ್ಲಿ ತಿದ್ದಿಕೊಡುವೆವೆಂದು ಕರಾರಿನಿಂದ ಬದ್ಧರಾದವರಿಲ್ಲ.

ಕಮ್ಯೂನಿಟಿ ಆವೃತ್ತಿಯು ೨೦೨೧ರದೇ ಕಡೆಯದು. ೨೦೨೨ರಲ್ಲಿ ಏಡಾಕೋರ್ ಅದನ್ನು ನಿಲ್ಲಿಸಿ, ಜಿಸಿಸಿಯ ಗ್ನಾಟನ್ನು ಅಲೈರ್ ಎಂಬ ಸಾಧನದ ಮೂಲಕ ಪಡೆಯುವಂತೆ ಸೂಚಿಸಿತು. ಇದರಿಂದ ಹೊಸಬರಿಗಿದ್ದ ದೊಡ್ಡ ತೊಡಕು ನಿವಾರಣೆಯಾಯಿತು. ಆದರೂ ಹಳೆಯ ಪ್ರತಿಗಳು ಅನೇಕರ ಯಂತ್ರಗಳಲ್ಲಿ ಉಳಿದಿರಬಹುದು. ಗ್ರಂಥಾಲಯದ ಕಡತಗಳ ಶಿರೋಭಾಗದಲ್ಲಿಯೇ ಪರವಾನಗಿಯು ಲಿಖಿತವಾಗಿರುವುದರಿಂದ, ಕೆಲಸವನ್ನಾರಂಭಿಸುವ ಮುನ್ನ ಆ ಕೆಲವು ಪಂಕ್ತಿಗಳನ್ನು ಓದಿ ವಿನಾಯಿತಿಯುಂಟೇ ಎಂಬುದನ್ನು ನಿಶ್ಚಯಿಸಿಕೊಳ್ಳತಕ್ಕದ್ದು.