ಕಲ್ಲು ಕೂಡಿಡಿ, ನೆಲವನ್ನು ತಿಳಿಯಿರಿ



ಅಂಚೆ ಚೀಟಿ, ಹಳೆಯ ನಾಣ್ಯಗಳನ್ನು ಕೂಡಿಡುವವರನ್ನು ನೀವು ನೋಡಿರಬಹುದು. ಕಲ್ಲುಗಳನ್ನು ಕೂಡಿಡುವುದೂ ಅಂಥದೇ ಹವ್ಯಾಸ. ಇದಕ್ಕೆ ಬಿಡಿಕಾಸೂ ಬೇಡ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಹೊಲದ ಬದು, ಹಳ್ಳದ ದಂಡೆ, ಬಾವಿ ತೋಡಿದ ಗುಡ್ಡೆ ಎಲ್ಲವೂ ಇದಕ್ಕೆ ತಕ್ಕ ಜಾಗಗಳೇ.

ನಮ್ಮಲ್ಲಿ ಹೆಚ್ಚಾಗಿರುವುದು ಗ್ರಾನೈಟ್ ಮತ್ತು ಪಟ್ಟೆಪಟ್ಟೆಯಾದ ನೈಸ್ ಶಿಲೆ. ಒಂದು ಚೂರನ್ನು ಬಿಸಿಲಿಗೆ ಹಿಡಿದು ನೋಡಿರಿ. ಗಾಜಿನಂತೆ ಕಾಣುವ ಕಣ ಬೆಣಚು. ಬಿಳಿ ಅಥವಾ ನಸುಗೆಂಪು ಕಣ ಫೆಲ್ಡ್‌ಸ್ಪಾರ್. ಪದರಪದರವಾಗಿ ಮಿನುಗುವುದು ಅಭ್ರಕ, ಅಂದರೆ ಕಾಗೆಬಂಗಾರ. ಕೋಲಾರದ ಚಿನ್ನ ದೊರೆತದ್ದೂ ಕರಿಯ ಶಿಲೆಯ ನಡುವಿನ ಬೆಣಚಿನ ಎಳೆಗಳಲ್ಲೇ. 2001ರಲ್ಲಿ ಮುಚ್ಚುವ ಹೊತ್ತಿಗೆ ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು.

ಕಲ್ಲನ್ನು ಗುರುತಿಸಲು ಮನೆಯಲ್ಲಿರುವ ಸಾಮಾನುಗಳೇ ಸಾಕು. ಬೆಣಚು ಗಾಜನ್ನು ಗೀರುತ್ತದೆ. ಸುಣ್ಣಕಲ್ಲಿನ ಮೇಲೆ ನಿಂಬೆರಸ ಹಿಂಡಿದರೆ ಸಣ್ಣ ಗುಳ್ಳೆಗಳೇಳುತ್ತವೆ. ಕಬ್ಬಿಣದ ಕಪ್ಪು ಮರಳು ಅಯಸ್ಕಾಂತಕ್ಕೆ ಅಂಟುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಹಳದಿಯಾಗಿ ಹೊಳೆಯುವುದೆಲ್ಲ ಚಿನ್ನವೂ ಅಲ್ಲ. ಒರಟು ಹಂಚಿನ ಮೇಲೆ ಉಜ್ಜಿ ನೋಡಿರಿ: ಚಿನ್ನದ ಗೀರು ಹಳದಿ, ಪೈರೈಟ್ ಎಂಬ ಖನಿಜದ ಗೀರು ಕಪ್ಪು.

ಪ್ರತಿ ಕಲ್ಲಿಗೂ ಅಂಕಿ ಹಾಕಿ, ಊರು, ಜಾಗ, ದಿನಾಂಕವನ್ನು ಪುಸ್ತಕದಲ್ಲಿ ಬರೆಯಿರಿ. ಬಾವಿಯ ಕಲ್ಲಾದರೆ ಎಷ್ಟು ಅಡಿಯಲ್ಲಿ ಸಿಕ್ಕಿತೆಂಬುದನ್ನೂ ಬರೆಯಿರಿ. ಇದು ಬರಿಯ ಆಟವಲ್ಲ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ನಮ್ಮ ಜಿಲ್ಲೆಗೆ ನೆಲದೊಳಗಿನ ನೀರೇ ದೊಡ್ಡ ಆಸರೆ. ಬಿರುಕಿಲ್ಲದ ಗಟ್ಟಿ ಬಂಡೆಯಲ್ಲಿ ನೀರು ನಿಲ್ಲದು. ಶಿಥಿಲಗೊಂಡ ಕಲ್ಲಿನಲ್ಲಿ, ಬಿರುಕುಗಳಲ್ಲಿ ನಿಲ್ಲುತ್ತದೆ. ಯಾವ ಹೊಲದಲ್ಲಿ ಎಷ್ಟು ಅಡಿಗೆ ಮೆದು ಕಲ್ಲು ಮುಗಿದು ಗಟ್ಟಿ ಬಂಡೆ ಬಂತೆಂಬ ಲೆಕ್ಕ ಊರಿನಲ್ಲಿದ್ದರೆ, ಹೊಸ ಬಾವಿಗೆ ಜಾಗ ನೋಡಲು ಬರುವ ಭೂವಿಜ್ಞಾನಿಗೆ ಅದು ನೆರವಾಗುತ್ತದೆ. ಸಾಲ ಮಾಡಿ ಬರಿದಾದ ಕೊಳವೆ ಬಾವಿ ಕೊರೆಸಿದ ರೈತನಿಗೆ ಈ ಮಾತಿನ ಬೆಲೆ ಗೊತ್ತು.

ಕೆಲವು ಎಚ್ಚರಿಕೆಗಳು:

1. ಹಳೆಯ ಗಣಿಯ ಗುಂಡಿಗಳ ಬಳಿಗೂ ಕೆ.ಜಿ.ಎಫ್.ನ ಸಯನೈಡ್ ದಿಬ್ಬಗಳಿಗೂ ಮಕ್ಕಳನ್ನು ಬಿಡಬೇಡಿ.

2. ಸಿಡಿಮದ್ದು ಹಾರಿಸುವ ಕಲ್ಲುಕ್ವಾರಿಗೆ ಹೋಗಬೇಡಿ.

3. ಕಲ್ಲು ಒಡೆಯುವಾಗ ಕಣ್ಣಿಗೆ ಕನ್ನಡಕವಿರಲಿ.

4. ವೀರಗಲ್ಲು, ಶಾಸನ, ಗುಡಿಯ ಕಲ್ಲುಗಳನ್ನು ಮುಟ್ಟಬೇಡಿ. ಅವು ಊರಿನ ಚರಿತ್ರೆ.

5. ಪರರ ಹೊಲವಾದರೆ ಒಡೆಯರನ್ನು ಕೇಳಿರಿ.

ಯುವಕ ಸಂಘದವರೂ ಉಪಾಧ್ಯಾಯರೂ ಸೇರಿ ಶಾಲೆಯಲ್ಲಿ ಒಂದು ಕಪಾಟನ್ನು ಇದಕ್ಕಾಗಿ ಮೀಸಲಿಡಲಿ. ಇಪ್ಪತ್ತು ಕಲ್ಲುಗಳಿಂದ ಪ್ರಾರಂಭಿಸಿದರೂ ಸಾಕು.