ಕಲ್ಲಿನಲ್ಲಿ ಬರೆದ ಕಾಳಗ

ಕಡೂರಿನಿಂದ ತರೀಕೆರೆಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಒಳಕ್ಕೆ ತಿರುಗಿ, ಯಾವುದಾದರೊಂದು ಊರಿನ ಕೆರೆಯ ಏರಿಯನ್ನೋ ಹಳೆಯ ಈಶ್ವರ ದೇವಾಲಯದ ಪೌಳಿಯನ್ನೋ ಸೇರಿದವನಿಗೆ, ಅರ್ಧ ಮಣ್ಣಿನಲ್ಲಿ ಹೂತು, ಎಣ್ಣೆ ಅರಿಶಿನಗಳಿಂದ ಕಪ್ಪಿಟ್ಟು ನಿಂತ ವೀರಗಲ್ಲೊಂದು ಕಣ್ಣಿಗೆ ಬೀಳುವುದು ಅಪರೂಪವೇನಲ್ಲ. ಅದನ್ನು ದೇವರೆಂದು ಕೈಮುಗಿಯುವವರುಂಟು, ಶಾಸನವೆಂದು ಓದುವವರುಂಟು. ಯುದ್ಧದ ಚಿತ್ರವೆಂದು ನೋಡುವವರು ವಿರಳ.

ನನಗೆ ಆ ದೃಷ್ಟಿ ಒದಗಿದುದು ದೂರದ ಜರ್ಮನಿಯ ಯೋಧಚಿತ್ರಕಾರರಿಂದ. ಮೊದಲನೆಯ ಮಹಾಯುದ್ಧದಲ್ಲಿ ಮೆಷಿನ್‌ಗನ್ ದಳದ ಸೈನಿಕನಾಗಿ ಕಾದಿದ ಆಟೋ ಡಿಕ್ಸ್, ಕಂದಕದೊಳಗೆ ಕುಳಿತೇ ನೂರಾರು ರೇಖಾಚಿತ್ರಗಳನ್ನು ಬರೆದು, ಆ ಅನುಭವವನ್ನು 1924ರಲ್ಲಿ ‘ಯುದ್ಧ’ವೆಂಬ ಹೆಸರಿನ 50 ಮುದ್ರಣಚಿತ್ರಗಳಲ್ಲಿ ಮೂಡಿಸಿದನು; ಫ್ರಾನ್ಸ್ ಮಾರ್ಕ್ 1915ರಲ್ಲಿ ಪುಟ್ಟ ಪುಸ್ತಕವೊಂದರಲ್ಲಿ 36 ಪೆನ್ಸಿಲ್ ಚಿತ್ರಗಳನ್ನು ಬರೆದು, ಮರುವರ್ಷ ವರ್ದ್ಯೂನಿನಲ್ಲಿ ಮಡಿದನು. ಎರಡನೆಯ ಮಹಾಯುದ್ಧದಲ್ಲಿಯಾದರೋ ಅಲ್ಲಿಯ ಪ್ರಭುತ್ವವೇ ಚಿತ್ರಕಾರರನ್ನು ಪ್ರಚಾರದಳಗಳಿಗೆ ಸೇರಿಸಿ ರಣರಂಗಕ್ಕೆ ಕಳುಹಿತು. ಸೋಲಿನ ತರುವಾಯ ಅಮೆರಿಕದ ಸೇನಾಧಿಕಾರಿ ಗಾರ್ಡನ್ ಗಿಲ್ಕಿ ಅಂಥ 8,000ಕ್ಕೂ ಮಿಕ್ಕ ಕೃತಿಗಳನ್ನು ಹುಡುಕಿ ಕಡಲಾಚೆಗೆ ಸಾಗಿಸಿದನು. ಅವುಗಳಲ್ಲಿ ಬಹುಪಾಲು ತಾಯ್ನಾಡಿಗೆ ಮರಳಿದುದು 1986ರಲ್ಲಿ.

ನಮ್ಮಲ್ಲಿ ಕಾಳಗದ ಚಿತ್ರ ಹುಟ್ಟಿದುದು ಊರಿನ ಋಣದಿಂದ. ಹಗೆಗಳು ದನದ ಹಿಂಡನ್ನು ಅಟ್ಟಿಕೊಂಡು ಹೋಗುವುದನ್ನು ತುರುಗೋಳ್ ಎಂದೂ, ಊರನ್ನೇ ಸೂರೆಮಾಡುವುದನ್ನು ಊರಳಿವು ಎಂದೂ, ಹೆಂಗಸರ ಮಾನಕ್ಕೆ ಕುಂದು ಬಂದಾಗ ಏಳುವ ಮೊರೆಯನ್ನು ಪೆಣ್ಬುಯ್ಯಲ್ ಎಂದೂ ಶಾಸನಗಳು ಕರೆಯುತ್ತವೆ. ಇಂಥ ಹೊತ್ತಿನಲ್ಲಿ ಅಡ್ಡನಿಂತು ಪ್ರಾಣವನ್ನೊಪ್ಪಿಸಿದವನ ಮನೆಯವರಿಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರು. ಎಂತಹ ಮಾತು! ನೆತ್ತರಿಗೆ ಕೊಟ್ಟ ಕೊಡುಗೆ. ಆ ದತ್ತಿಗೂ ಆ ಸಾವಿಗೂ ಒಂದೇ ಕಲ್ಲು ಸಾಕ್ಷಿಯಾಗಬೇಕಾದ ಕಾರಣ, ಅಕ್ಷರದೊಡನೆ ಚಿತ್ರವೂ ಸೇರಿತು. ಮೊದಮೊದಲು ಕಾಳಗವೊಂದೇ ಇದ್ದ ಕಲ್ಲಿನ ಮೇಲೆ ಬರಬರುತ್ತ ಮೂರು ಅಂತಸ್ತುಗಳು ಏರಿದವು: ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಸನ್ನಿಧಿ. ಬಿ.ಎಲ್. ರೈಸರು 1901ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟವಾಗಿ, ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ, ಇಂಥ ಎಷ್ಟೋ ಕಲ್ಲುಗಳ ಬರಹ ಅಚ್ಚಿಗೇರಿತು. ಬರಹ ಪುಸ್ತಕವನ್ನು ಸೇರಿತು. ಚಿತ್ರ ಮಾತ್ರ ಏರಿಯ ಮೇಲೆಯೇ ಮಳೆಬಿಸಿಲಿಗೆ ಒಡ್ಡಿಕೊಂಡು ನಿಂತಿತು ಎಂಬುದು ನನ್ನನ್ನು ಇಂದಿಗೂ ನೋಯಿಸುವ ಸಂಗತಿ.

ತರೀಕೆರೆಗೆ ಸಮೀಪದ ಅಮೃತಾಪುರದ ಕಥೆ ಬೇರೆ. 1196ರಲ್ಲಿ ಅಲ್ಲಿ ಅಮೃತೇಶ್ವರನ ಗುಡಿಯನ್ನು ಎತ್ತಿಸಿದವನು ಇಮ್ಮಡಿ ವೀರಬಲ್ಲಾಳನ ದಂಡನಾಯಕ, ಎಂದರೆ ರಣವನ್ನು ಕಣ್ಣಾರೆ ಕಂಡವನು. ಅಲ್ಲಿಯ ಶಾಸನವನ್ನು ರಚಿಸಿದವನು ಕವಿ ಜನ್ನ. ಅಲ್ಲಿಯ ಛಾವಣಿಯ ಭುವನೇಶ್ವರಿಗಳನ್ನು ಕಡೆದು ಕೈ ಪಳಗಿಸಿಕೊಂಡವನು, ಮುಂದೆ ಹೆಸರಾಂತ ರೂವಾರಿಯಾದ ಮಲ್ಲಿತಮ್ಮ. ಆದರೆ ಮಂಟಪದ ಹೊರಗೋಡೆಯ 140 ಫಲಕಗಳಲ್ಲಿ ಆ ದಂಡನಾಯಕನು ಬಿಡಿಸಿದುದು ತನ್ನ ಕಾಳಗಗಳನ್ನಲ್ಲ; ತೆಂಕಣ ಬದಿಯ ಎಪ್ಪತ್ತರಲ್ಲಿ ರಾಮಾಯಣ, ಬಡಗಣ ಬದಿಯಲ್ಲಿ ಕೃಷ್ಣಚರಿತೆ ಮತ್ತು ಮಹಾಭಾರತ. ಸ್ವಂತ ಸಮರವನ್ನು ಚಿತ್ರಿಸಬಹುದಾಗಿದ್ದವನು ಪುರಾಣಕ್ಕೆ ಗೋಡೆಯನ್ನು ಬಿಟ್ಟುಕೊಟ್ಟನು. ಹೆಸರು ಅಳಿದ ಹಳ್ಳಿಯ ಯೋಧನಿಗೋ ಅವನದೇ ಸಮರ ಕಲ್ಲಿನಲ್ಲಿ ದಕ್ಕಿತು.

ಜರ್ಮನರಂತೆ ಕಾಗದ ಹಿಡಿದು ದಂಡಿನೊಡನೆ ನಡೆದ ಚಿತ್ರಕಾರನು ಮೈಸೂರು ಸೀಮೆಗೆ ಬಂದುದು ಆರುನೂರು ವರ್ಷಗಳ ಮೇಲೆ. 1791ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯದ ಜೊತೆಗಿದ್ದ ರಾಬರ್ಟ್ ಹೋಮ್, ಬೆಂಗಳೂರಿನ ಕೋಟೆಯನ್ನೂ ಸಾವನದುರ್ಗವನ್ನೂ ಬರೆದುಕೊಂಡು, 1794ರಲ್ಲಿ ಮೈಸೂರಿನ ದೃಶ್ಯಗಳ ಪುಸ್ತಕವನ್ನೇ ಪ್ರಕಟಿಸಿದನು. ಬೆಟ್ಟ ಬುರುಜುಗಳ ರಮ್ಯತೆ ಅದರಲ್ಲಿ ಹೇರಳವಾಗಿದೆ. ಆದರೆ ವೀರಗಲ್ಲುಗಳ ಕಾಳಗದಂತೆ ಈ ಯುದ್ಧದಲ್ಲಿಯೂ ದನವೇ ಮುಖ್ಯವಾಯಿತು: ಅದೇ 1791ರ ಮೇ ತಿಂಗಳಲ್ಲಿ ಎಳೆಯುವ ಎತ್ತುಗಳು ಸತ್ತುಹೋದುದರಿಂದ ಕಾರ್ನ್‌ವಾಲಿಸನು ತನ್ನ ಭಾರಿ ತೋಪುಗಳನ್ನು ತಾನೇ ನಾಶಮಾಡಿ ಶ್ರೀರಂಗಪಟ್ಟಣದ ಬಳಿಯಿಂದ ಹಿಂದಿರುಗಬೇಕಾಯಿತು. ಎದುರಾಳಿ ಟಿಪ್ಪುವಿಗಾದರೋ ಅಮೃತಮಹಲಿನ ರಾಸುಗಳ ಬಲವಿದ್ದಿತು. ಒಡೆಯರ ಕಾಲದ ಬೆಣ್ಣೆ ಚಾವಡಿಯೆಂಬ ರಾಸುಗಳ ಇಲಾಖೆಗೆ ಆ ಹೆಸರನ್ನಿಟ್ಟವನು ಅವನೇ. ಆ ತಳಿ ಇಂದಿಗೂ ಉಳಿದಿರುವುದು ಅಜ್ಜಂಪುರದ ಸಂವರ್ಧನ ಕೇಂದ್ರದಲ್ಲಿ, ಸುತ್ತಲ ಕಾವಲುಗಳಲ್ಲಿ.

ಒಂದು ಸಂಜೆ ಏರಿಯ ಮೇಲಿನ ವೀರಗಲ್ಲೊಂದರ ಬುಡದ ಮಣ್ಣನ್ನು ಕೈಯಿಂದ ಸರಿಸಿದೆ. ಬಿಲ್ಲನ್ನು ಕಿವಿಯವರೆಗೆ ಸೆಳೆದ ವೀರ, ಅವನ ತೊಡೆಯಲ್ಲಿ ನಾಟಿದ ಬಾಣ. ಅವನ ಬೆನ್ನ ಹಿಂದೆ ಒಂದರ ಮೇಲೊಂದು ಕೊರಳು ಚಾಚಿದ ಮೂರು ಹಸುಗಳು. ಕೊಂಬುಗಳನ್ನು ಮಾತ್ರ ರೂವಾರಿಯು ಸಾವಕಾಶವಾಗಿ, ಒಂದೊಂದನ್ನೂ ಹಿಂದಕ್ಕೆ ಬಾಗಿಸಿ, ತುದಿಯವರೆಗೆ ನುಣುಪಾಗಿ ತೀಡಿದ್ದನು.